ಹಿರಿಯೂರಿಗೊಂದು ದಾಳಿಂಬೆ, ಹೊಳಲ್ಕೆರೆಗೊಂದು ದಾಳಿಂಬೆ

ಬಸವೇಶ್ ನನ್ನ ಆಫೀಸಿಗೆ ಮೊದಲ ಸಲ ಬಂದಾಗಲೇ ಜಗಳವಾಯಿತು. ಆಫೀಸೆಂದರೆ ಚಿತ್ರದುರ್ಗದಲ್ಲಿ ಜೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆ. ಅಲ್ಲಿ ಕೂತು ನಾನು ಊರವರಿಗೆಲ್ಲ ವೆಬ್‌ಸೈಟ್ ಮಾಡಿಕೊಡುತ್ತೇನೆ. ಅವನದು ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಲ್ಲಿ ಸಸಿಗಳ ನರ್ಸರಿ. ಮಾರುವುದು ನಾಲ್ಕೇ ಬಗೆಯ ಸಸಿ, ವೆಬ್‌ಸೈಟಿಗೆ ಮಾತ್ರ ಹದಿನಾರು ಪುಟ ಬೇಕಂತೆ.

ಹಿರಿಯೂರಿನ ದಾಳಿಂಬೆಗೆ ಒಂದು ವೆಬ್ ವಿಳಾಸ, ಹೊಳಲ್ಕೆರೆಯ ದಾಳಿಂಬೆಗೆ ಇನ್ನೊಂದು, ಹೀಗೆ ನಾಲ್ಕು ತಾಲ್ಲೂಕಿಗೂ. ಒಂದೇ ಪುಟಕ್ಕೆ ನಾಲ್ಕು ವಿಳಾಸ ಕೊಟ್ಟರೆ ಯಾವುದನ್ನು ಮುಂದೆ ತೋರಿಸಬೇಕೆಂದು ಗೂಗಲ್‌ಗೆ ಗೊಂದಲವಾಗುತ್ತದೆ, ಚಿಕ್ಕದಾಗಿ ‘ದಾಳಿಂಬೆ’ ಎಂದು ಒಂದೇ ವಿಳಾಸ ಸಾಕು ಎಂದು ಬಿಡಿಸಿ ಹೇಳಿದೆ.

“ಗೂಗಲ್ಲಿಗೆ ಗೊಂದಲ ಆದ್ರೆ ಆಗ್ಲಿ ಬಿಡ್ರಿ ಮೇಡಂ, ನಮ್ ರೈತರಿಗೆ ಗೊತ್ತೈತೆ,” ಎಂದು ನಕ್ಕ. ನಗುವಾಗ ಅವನ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ. ನೋಡಬಾರದಿತ್ತು, ನೋಡಿಬಿಟ್ಟೆ.

ಒಂದು ಗಂಟೆಯಲ್ಲಿ ಮುಗಿಯಬೇಕಾದ ಮಾತು ಆರು ಗುರುವಾರ ನಡೆಯಿತು. ಎಳೆದವಳು ನಾನೇ. ಒಂದು ವಾರ ವಿಳಾಸದ ಪದಗಳ ನಡುವೆ ಅಡ್ಡಗೆರೆ ಬೇಕೆಂದೆ. ಇನ್ನೊಂದು ವಾರ ವಿಳಾಸದಲ್ಲಿ ಕನ್ನಡ ಅಕ್ಷರ ಬೇಡ, ವಾಟ್ಸಾಪಿಗೆ ಹಾಕಿದರೆ ಮಾರುದ್ದದ ಗೋಜಲಾಗುತ್ತದೆ ಎಂದೆ. ಇವೆಲ್ಲ ಫೋನಿನಲ್ಲಿ ಹೇಳುವ ಮಾತುಗಳೇ. ಅವನೂ ಫೋನಿನಲ್ಲಿ ಕೇಳಲಿಲ್ಲ, ಪ್ರತಿ ಸಲ ಬೈಕ್ ಹತ್ತಿ ಬಂದ. ಮೆಟ್ಟಿಲೇರುವ ಮೊದಲು ಬೈಕಿನ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಾನೆಂದು ಜೆರಾಕ್ಸ್ ಅಂಗಡಿಯ ಅನುಸೂಯಕ್ಕ ನನಗೆ ತಪ್ಪದೆ ವರದಿ ಒಪ್ಪಿಸುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು ನಿಮ್ಮಿಬ್ಬರದು ಎಂದು ಛೇಡಿಸುತ್ತಿದ್ದರು.

ಏಳನೆಯ ಗುರುವಾರ ನಾನೇ ಮಾಡದಕೆರೆಗೆ ಹೋದೆ. ಮಳೆ ಹಿಡಿಯುವ ಮೊದಲು, ಸಸಿಗಳಿಗೆ ಕಟ್ಟುವ ಚೀಟಿ ಅಚ್ಚಾಗಬೇಕಿತ್ತು. ಅದರ ಮೇಲೆ ಆಯಾ ಪುಟದ ವಿಳಾಸ ಇರುತ್ತದೆ. ಒಮ್ಮೆ ಅಚ್ಚಾದರೆ ಮತ್ತೆ ಬದಲಾಯಿಸುವಂತಿಲ್ಲ, ಅಲ್ಲಿಗೆ ನನ್ನ ಕೆಲಸವೂ ಮುಗಿಯಿತು. ಅವನು ಮತ್ತೆ ಚಿತ್ರದುರ್ಗಕ್ಕೆ ಯಾಕೆ ಬರುತ್ತಾನೆ? ಬಸ್ಸಿನಲ್ಲಿ ದಾರಿಯುದ್ದಕ್ಕೂ ಇದೇ ಯೋಚನೆ.

ನರ್ಸರಿಯ ಸಾಲುಗಳನ್ನು ಕಂಡು ನಿಂತುಬಿಟ್ಟೆ. ಅವನು ಸಸಿಗಳನ್ನು ಬಗೆಯ ಪ್ರಕಾರ ವಿಂಗಡಿಸಿರಲಿಲ್ಲ, ಅವು ಹೋಗುವ ತಾಲ್ಲೂಕಿನ ಪ್ರಕಾರ ಇಟ್ಟಿದ್ದ. ಹಿರಿಯೂರಿನ ಸಾಲಿಗೆ ಅಲ್ಲಿಂದಲೇ ತಂದ ಕಪ್ಪು ಮಣ್ಣು, ಹೊಳಲ್ಕೆರೆಯ ಸಾಲಿಗೆ ಅಲ್ಲಿಯ ಕೆಂಪು ಮಣ್ಣು. ನೀರಿನ ಲೆಕ್ಕವೂ ಬೇರೆ, ಗೊಬ್ಬರವೂ ಬೇರೆ.

“ಹೋಗೋ ಜಾಗದ ಮಣ್ಣು ಸಸಿಗೆ ಮೊದ್ಲೇ ಗೊತ್ತಿರ್ಬೇಕು. ಇಲ್ಲಾಂದ್ರೆ ಹೊಂದ್ಕಳಲ್ಲ,” ಎಂದ.

ಮಣ್ಣು, ನೀರು, ಗೊಬ್ಬರ ಬೇರೆಯಾದರೆ ಪುಟದಲ್ಲಿ ಬರೆಯುವುದೂ ಬೇರೆಯೇ. ಆಗ ಹದಿನಾರು ವಿಳಾಸ ಕೊಡುವುದೇ ಸರಿ. ಆರು ವಾರ ನಾನು ವಾದಿಸಿದ್ದೆಲ್ಲ ತಪ್ಪು, ಸೋತಿದ್ದಕ್ಕೆ ಖುಷಿಯೋ ಖುಷಿ.

“ಇದನ್ನ ಮೊದಲ್ನೇ ದಿನಾನೇ ಹೇಳ್ಬಹುದಿತ್ತಲ್ರಿ,” ಎಂದೆ.

ಅವನು ತಲೆ ತಗ್ಗಿಸಿ ಒಂದು ಸಸಿಯ ಎಲೆ ಸವರಿದ. “ಹೇಳಿದ್ರೆ ಅವತ್ತೇ ಮುಗ್ದು ಹೋಗೋದು.”

ನನ್ನ ಮುಖ ಬೆಚ್ಚಗಾಯಿತು. ಲ್ಯಾಪ್‌ಟಾಪ್ ತೆರೆದೆ. ವಿಳಾಸದಲ್ಲಿ ತಾಲ್ಲೂಕು ಮೊದಲು, ಸಸಿ ಆಮೇಲೆ. ಹದಿನಾರು ವಿಳಾಸಗಳನ್ನು ಒಂದೊಂದಾಗಿ ಓದಿದೆ, ಪಕ್ಕದಲ್ಲಿ ಕೂತು ಅವನು ಅಚ್ಚಿನವರಿಗೆ ಕೊಡಲು ಒಂದು ಹಾಳೆಯಲ್ಲಿ ಬರೆದುಕೊಂಡ. ಕೊನೆಯದನ್ನು ಬೇಕೆಂದೇ ನಿಧಾನವಾಗಿ ಓದಿದೆ. ಅವನು ಅದಕ್ಕಿಂತ ನಿಧಾನವಾಗಿ ಬರೆದ.

“ಎಲ್ಲಾ ಮುಗೀತು. ಮುಂದಿನ ಗುರುವಾರ ಏನ್ ಕೇಳ್ಕಂಡ್ ಬರ್ಲಿ, ಬಿಂದು?”

ಮೇಡಂ ಹೋಗಿ ಬಿಂದು ಆಗಿದ್ದೆ. ಇಷ್ಟು ದಿನ ತಡೆದಿಟ್ಟ ಮಾತು ಇನ್ನು ನಿಲ್ಲಲಿಲ್ಲ. “ಆಫೀಸಿಗೆ ಬರೋದು ಬ್ಯಾಡ. ನಿಮ್ ಅವ್ವನ್ನ ಕರ್ಕಂಡು ನಮ್ ಮನೆಗೆ ಬರ್ರಿ. ಅಪ್ಪಾಜಿ ಇರ್ತಾರೆ.”

 ಅವನು ಹಾಳೆ, ಪೆನ್ನು ಎರಡನ್ನೂ ನನ್ನ ಕೈಗೆ ತುರುಕಿ ಮನೆಯತ್ತ ಓಡಿದ. ಗುರುವಾರದವರೆಗೆ ಕಾಯುವಷ್ಟು ತಾಳ್ಮೆ ಅವನಿಗಿರಲಿಲ್ಲ, ಅವ್ವನನ್ನು ಕರೆತರಲು ಆಗಲೇ ಹೊರಟಿದ್ದ.