ಹನ್ನೆರಡು ಗ್ರಾಂ

೧೯೯೯ರಲ್ಲಿ ಅಮೆರಿಕದ ಯೂನಿಯನ್ ಸಿಟಿಯಲ್ಲಿದ್ದ ಎಂಜಿನಿಯರ್ ಕೇದಾರನಿಗೆ ಹಳೆಯ ಜರ್ಮನ್ ಸೈನ್ಯದ ಹೋಲ್‌ಸ್ಟರುಗಳ, ಅಂದರೆ ಪಿಸ್ತೂಲಿಡುವ ಚರ್ಮದ ಚೀಲಗಳ ಹುಚ್ಚು. ಪಿಸ್ತೂಲು ಮಾತ್ರ ಮನೆಗೆ ಬರಕೂಡದೆಂದು ಹೆಂಡತಿ ಮಾಧುರಿ ಕಟ್ಟಪ್ಪಣೆ ಮಾಡಿದ್ದಳು.

ಒಂದು ಶನಿವಾರ ಹೇವರ್ಡ್‌ನಲ್ಲಿ ಯಾರದೋ ಮನೆಯ ಹಳೇ ಸಾಮಾನಿನ ಮಾರಾಟದಲ್ಲಿ ಲ್ಯೂಗರ್ ಪಿಸ್ತೂಲಿನ ಹೋಲ್‌ಸ್ಟರೊಂದು ಸಿಕ್ಕಿತು. ಹಿಂಬದಿಯಲ್ಲಿ ೧೯೩೮ರ ಮುದ್ರೆಯಿತ್ತು. ಮಧ್ಯಾಹ್ನ ಅದನ್ನು ಮುಚ್ಚಳ ತೆರೆದೇ ಅಡುಗೆಮನೆಯ ತಕ್ಕಡಿಯಲ್ಲಿಟ್ಟ. ಮುನ್ನೂರು ಗ್ರಾಂ, ಸರಿಯಾಗಿಯೇ ಇತ್ತು. ಮುಚ್ಚಳದ ಬಕಲ್ ಹಾಕಿ ಇಟ್ಟರೆ ಸಾವಿರದ ಇನ್ನೂರ ಎಪ್ಪತ್ತು! ಗುಂಡು ತುಂಬಿದ ಲ್ಯೂಗರ್ ಒಳಗಿದ್ದರೆ ಅಷ್ಟು ತೂಗಬೇಕು. ಬಿಚ್ಚಿ ನೋಡಿದರೆ ಖಾಲಿ. ಮತ್ತೆ ಮುಚ್ಚಿ ತೂಗಿದಾಗ ಹನ್ನೆರಡು ಗ್ರಾಂ ಕಡಿಮೆಯಾಗಿತ್ತು. ಅದು ಒಂದು ಗುಂಡಿನ ತೂಕ. ಲ್ಯೂಗರಿನಲ್ಲಿ ಎಂಟು ಗುಂಡು ಹಿಡಿಯುತ್ತವೆ.

ಅವನಿಗೆ ಸುಮ್ಮನಿರಲಾಗಲಿಲ್ಲ. ಬಿಚ್ಚಿದ, ಮುಚ್ಚಿದ, ತೂಗಿದ. ಪ್ರತಿ ಸಲವೂ ಹನ್ನೆರಡು ಗ್ರಾಂ ಇಳಿಯಿತು. ಏಳನೆಯ ಗುಂಡಿನ ತೂಕ ಇಳಿದಾಗ, ಧಾರವಾಡದಿಂದ ಬಂದಿದ್ದ ತಾಯಿ ಬಂಗಾರೆವ್ವ ಅದನ್ನು ಕಸಿದುಕೊಂಡವರೇ ಬೆಚ್ಚಿಬಿದ್ದರು.

“ಕೇದಾರಾ, ಯಾರೋ ಈಗಷ್ಟ ನಡದಿಂದ ಬಿಚ್ಚಿಟ್ಟಂಗ ಬೆಚ್ಚಗೈತಲ್ಲೋ! ಸಾಕು ಮಾಡು.”

“ಇನ್ನೊಂದ ಉಳದೈತಿ ಅವ್ವಾ,” ಎಂದ.

ಮಾಧುರಿ ಮುಚ್ಚಿದ ಹೋಲ್‌ಸ್ಟರಿಗೆ ದಾರ ಸುತ್ತಿ, ಬಿಗಿಯಾಗಿ ಗಂಟು ಹಾಕಿ, ಗ್ಯಾರೇಜಿನಲ್ಲಿಟ್ಟು ಬೀಗ ಹಾಕಿದಳು.

ಮರುದಿನ ಬೆಳಿಗ್ಗೆ ಮೂವರೂ ಕ್ಷೇಮವಾಗಿದ್ದರು. ಗಂಟು ಹಾಕಿದ ಹಾಗೆಯೇ ಇತ್ತು. ಕೇದಾರ ದಾರ ಬಿಚ್ಚದೆ ತೂಗಿ ನೋಡಿದ. ಎಂಟನೆಯ ಗುಂಡೂ ಹೋಗಿತ್ತು.