ಚಕ್ರಕ್ಕೆ ಪ್ರವೇಶವಿಲ್ಲ

ಶನಿವಾರ ಬೆಳಿಗ್ಗೆ ಹಂಸ, ತಾನು ಟೆಂಟ್‌ಗಳನ್ನು ಬಾಡಿಗೆಗೆ ಕೊಡುವ ಕೆರೆ ಪಕ್ಕದ ಮೈದಾನಕ್ಕೆ ಬಂದಾಗ, ಹೊಂಗೆ ಮರದ ಕೆಳಗೆ ಹಳದಿ ಬಣ್ಣದ ಮೆಟಡೋರ್ ವ್ಯಾನೊಂದು ನಿಂತಿತ್ತು. ಕಿಟಕಿಗಳಿಗೆ ಹೂವಿನ ಪರದೆ. ಬಾಗಿಲ ಮೆಟ್ಟಿಲ ಮೇಲೆ ಒಬ್ಬ ಬನಿಯನ್ನಿನಲ್ಲಿ ಕುಳಿತು, ಜಗತ್ತಿನ ಕೆಲಸವೆಲ್ಲ ಮುಗಿಸಿದವನ ಹಾಗೆ ಹಲ್ಲುಜ್ಜುತ್ತಿದ್ದ.

ಗೇಟಿನ ಬೀಗ ಹಾಕಿದಂತೆಯೇ ಇತ್ತು. ಬೀಗದ ಕೈ ಅವಳ ಸೊಂಟದಲ್ಲಿತ್ತು.

"ಒಳಗೆ ಹೇಗ್ ಬಂದ್ರಿ?"

ಅವನು ಉಗುಳಲು ಜಾಗ ಹುಡುಕಿದ. ಹೆಂಗಸಿನ ಎದುರು ಉಗುಳುವುದು ಹೇಗೆಂದು ತಿಳಿಯದೆ, 'ಒಂದು ನಿಮಿಷ' ಎಂದು ಬೆರಳೆತ್ತಿ ವ್ಯಾನಿನ ಹಿಂದಕ್ಕೆ ಓಡಿದ. ಮರಳಿ ಬಂದಾಗ ಶರ್ಟು ಹಾಕಿಕೊಂಡಿದ್ದ. ಗುಂಡಿಗಳು ಒಂದು ಮನೆ ತಪ್ಪಿ ಕೂತಿದ್ದವು.

"ಹಿಂದ್ಗಡೆ ದಾರಿಯಿಂದ ಮೇಡಂ."

"ಹಿಂದ್ಗಡೆ ದಾರಿನೇ ಇಲ್ಲ."

"ಇದೆ ಅಂತ ಹೇಳಿದ್ರು. ಬೇಲಿ ಬಿಚ್ಕೊಂಡಿತ್ತು, ಬಂದ್ಬಿಟ್ಟೆ."

ಹಂಸ ಗೇಟಿನ ಪಕ್ಕದ ಬೋರ್ಡಿನತ್ತ ಕೈ ತೋರಿಸಿದಳು. ಅವಳೇ ಬರೆದ ದಪ್ಪ ಅಕ್ಷರಗಳು: ಟೆಂಟ್‌ಗಳಿಗೆ ಮಾತ್ರ. ಚಕ್ರ ಇರುವ ಯಾವುದಕ್ಕೂ ಪ್ರವೇಶವಿಲ್ಲ. ಈ ಮಾತಿನಲ್ಲಿ ಅವಳದು ಎಷ್ಟು ಹಟವೆಂದರೆ, ದೊಡ್ಡನೆಕ್ಕುಂದಿಯ ಒಬ್ಬ ಫ್ಯಾಕ್ಟರಿ ಮ್ಯಾನೇಜರ್ ಚಕ್ರದ ಸೂಟ್‌ಕೇಸ್ ಎಳೆದುಕೊಂಡು ಬಂದಾಗ ಅದನ್ನೂ ತಲೆ ಮೇಲೆ ಹೊರಿಸಿ ಒಳಗೆ ಬಿಟ್ಟಿದ್ದಳು.

"ಇದೂ ಟೆಂಟೇ ನೋಡಿ ಮೇಡಂ," ಅಂದ ಅವನು. ವ್ಯಾನಿನ ಮೇಲಿನಿಂದ ಒಂದು ಸುರುಳಿ ಎಳೆದ. ಖಾಕಿ ಕ್ಯಾನ್ವಾಸ್ ಸರಸರನೆ ಬಿಚ್ಚಿಕೊಂಡು ಚಪ್ಪರವಾಯಿತು.

"ಟೆಂಟ್‌ಗೆ ಗೂಟ ಇರುತ್ತೆ."

"ಗೂಟಾನೂ ಇದೆ." ನಿಜಕ್ಕೂ ತಂದು ತೋರಿಸಿದ.

"ಚಕ್ರಾನೂ ಇದೆ."

ಅವನು ಬಗ್ಗಿ ಚಕ್ರವನ್ನು ಮೊದಲ ಸಲ ನೋಡುವವನಂತೆ ನೋಡಿದ. "ಹೌದಲ್ಲ," ಅಂದ.

ಹಂಸಳಿಗೆ ನಗು ಬಂತು. ಕೆನ್ನೆಯ ಒಳಭಾಗವನ್ನು ಕಚ್ಚಿ ಹಿಡಿದಳು. ಅದು ಅವನ ಕಣ್ಣಿಗೆ ಬಿತ್ತು, ಬಿದ್ದದ್ದು ಅವಳಿಗೂ ಗೊತ್ತಾಯಿತು, ಆದ್ದರಿಂದ ಅವಳು ಇನ್ನಷ್ಟು ಸಿಡುಕಿದಳು.

"ಗಾಡಿ ತೆಗೀರಿ."

"ತೆಗೀತೀನಿ. ಯಾಕೆ ಬೇಡ ಅಂತ ಕಾರಣ ಒಂದು ಹೇಳ್ಬಿಡಿ, ಸಾಕು."

"ರೂಲು."

"ರೂಲಿಗೂ ಒಂದು ಕಾರಣ ಇರುತ್ತಲ್ಲ?"

ಕಾರಣ ಇತ್ತು. ಆದರೆ ಗುರುತಿಲ್ಲದವನ ಮುಂದೆ ಹೇಳಿಕೊಳ್ಳುವಂಥದ್ದಲ್ಲ. ಹಂಸ ದಡದಡನೆ ಹೋಗಿ ಗೇಟಿನ ಬೀಗ ತೆಗೆದು, ಎರಡೂ ಬಾಗಿಲುಗಳನ್ನು ಅಗಲವಾಗಿ ಹಿಡಿದು ನಿಂತಳು. ವ್ಯಾನು ಅವಳ ಪಕ್ಕದಲ್ಲೇ ಹಾದು ರಸ್ತೆಗೆ ಇಳಿಯಿತು. ಹಿಂದಿನ ಖಾಲಿ ಜಾಗದಲ್ಲಿ ಯಾರೋ ಕ್ಯಾಮೆರಾ ಹಿಡಿದು ನಿಂತಿದ್ದ. ಕೆರೆ ಹಕ್ಕಿಯ ಫೋಟೋ ತೆಗೆಯುವವರು ಅಲ್ಲಿ ಬರುತ್ತಿದ್ದರು, ಅವಳು ಅತ್ತ ಗಮನ ಕೊಡಲಿಲ್ಲ.

ಅಜ್ಜಿ ಮುನಿಗಂಗಮ್ಮ ಬಂದು ನೆಲ ನೋಡಿದ ಮೇಲೆಯೇ ಎಡವಟ್ಟು ತಿಳಿದದ್ದು. ರಾತ್ರಿಯ ತೇವಕ್ಕೆ ಮಣ್ಣು ಮೆತ್ತಗಿತ್ತು. ಹಿಂದಿನ ಬೇಲಿಯಿಂದ ಮುಂದಿನ ಗೇಟಿನವರೆಗೆ ಎರಡು ಗೆರೆ ನೆಟ್ಟಗೆ ಬಿದ್ದಿದ್ದವು.

"ಬಂದ ಕಡೆಯಿಂದ್ಲೇ ವಾಪಸ್ ಕಳಿಸೋದಲ್ವೇನೆ?" ಅಜ್ಜಿ ಎದೆಯ ಮೇಲೆ ಕೈಯಿಟ್ಟಳು. "ನೀನೇ ಗೇಟ್ ತೆಗೆದು ಈ ಕಡೆಯಿಂದ ಆ ಕಡೆಗೆ ದಾಟಿಸಿದ್ಯಲ್ಲ."

ಮಹದೇವಪುರದ ಸುತ್ತಿನ ಹಳೆಯ ಊರುಗಳಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು ಅದು. ಹೊಲದ ಮೇಲೆ ಕಾಲಿನಲ್ಲಿ ನಡೆದು ಹೋದರೆ ಯಾರೂ ಕೇಳುವುದಿಲ್ಲ. ಚಕ್ರ ಈ ಬದಿಯಿಂದ ಆ ಬದಿಗೆ ಹಾದು, ಹೊಲದವರು ಸುಮ್ಮನಿದ್ದರೆ, ಅದು ಬಂಡಿದಾರಿ. ಒಮ್ಮೆ ಬಂಡಿದಾರಿ ಅನ್ನಿಸಿಕೊಂಡರೆ ಮುಚ್ಚುವುದು ಬ್ರಹ್ಮನಿಗೂ ಕಷ್ಟ. ರಿಂಗ್ ರೋಡ್ ಬಂದು, ಟೆಕ್ ಪಾರ್ಕ್ ಎದ್ದು, ಅಡಿ ಅಡಿಗೂ ಬೆಲೆ ಏರಿದ ಆ ದಿನಗಳಲ್ಲಿ ಈ ಮಾತಿಗೆ ಹಲ್ಲು ಮೂಡಿತ್ತು. ಹಿಂದಿನ ಜಾಗ ಕೊಂಡು ಸೈಟು ಮಾಡಿದ್ದ ಚಂದ್ರಾಮಪ್ಪನಿಗೆ ರಸ್ತೆಗೆ ಬರಲು ದಾರಿ ಇರಲಿಲ್ಲ. ದಾರಿ ಬಿಡಿ ಎಂದು ಕೇಳಿದ್ದ. ಅಜ್ಜಿ ಬಿಟ್ಟಿರಲಿಲ್ಲ. ಬಿಟ್ಟರೆ ಹೊಲ ನಟ್ಟನಡುವೆ ಎರಡು ತುಂಡು, ಹಂಸಳ ಟೆಂಟುಗಳಿಗೆ ಜಾಗವೇ ಇಲ್ಲ. ಅಪ್ಪ ಅಮ್ಮ ಹೋದ ಮೇಲೆ ಅಜ್ಜಿ ಮೊಮ್ಮಗಳಿಗೆ ಉಳಿದದ್ದು ಆ ಹೊಲವೊಂದೇ.

ಹಂಸ ಸೆರಗು ಸಿಕ್ಕಿಸಿ, ಸನಿಕೆ ಹಿಡಿದು ಗೆರೆಗಳನ್ನು ಅಳಿಸತೊಡಗಿದಳು. ತನ್ನ ಕೋಪದ ಮೇಲೆ ತನಗೇ ಕೋಪ. ಸ್ವಲ್ಪ ಹೊತ್ತಿಗೆ ಇನ್ನೊಂದು ಸನಿಕೆಯ ಸದ್ದು ಕೇಳಿಸಿತು. ಗೇಟಿನ ಕಡೆಯಿಂದ ಅವನು ಅಳಿಸುತ್ತ ಬರುತ್ತಿದ್ದ. ಟೀ ಅಂಗಡಿಯಿಂದ ಸನಿಕೆ ಎರವಲು ತಂದಿದ್ದ.

ಮೈದಾನದ ನಡುವೆ ಇಬ್ಬರೂ ಎದುರಾದರು. ಅವನ ಹಣೆಯ ಬೆವರಿಗೆ ಮಣ್ಣು ಮೆತ್ತಿತ್ತು. ರೆಪ್ಪೆಗಳು ಗಂಡಸಿಗೆ ಬೇಕಾದ್ದಕ್ಕಿಂತ ಉದ್ದವಾಗಿದ್ದವು, ಅದನ್ನು ಗಮನಿಸಿದ್ದಕ್ಕೆ ಹಂಸಳಿಗೆ ನಾಚಿಕೆಯಾಯಿತು.

"ಯಾಕೆ ಅಳಿಸ್ತಿದೀವಿ ಅಂತ ಗೊತ್ತಿಲ್ಲ," ಅಂದ. "ಗೆರೆ ನನ್ನ ಗಾಡೀದು. ಅದಕ್ಕೆ ಬಂದೆ. ಪ್ರೇಮ್‌ಕುಮಾರ್ ಅಂತ. ಹಲಸೂರು."

"ಗುಂಡಿ ಸರಿ ಮಾಡ್ಕೊಳ್ಳಿ."

"ಗುಂಡಿ ಎಲ್ಲಿದೆ? ಎಲ್ಲಾ ಮುಚ್ಚಿದೀನಲ್ಲ?" ಎಂದು ನೆಲ ನೋಡಿದ.

"ಶರ್ಟಿಂದು," ಎಂದು ಹೇಳಿ ಹಂಸ ಸರಸರ ನಡೆದುಬಿಟ್ಟಳು.

ಮುಂದಿನ ಶನಿವಾರವೂ ಅವನು ಬಂದ. ಈ ಸಲ ವ್ಯಾನನ್ನು ರಸ್ತೆಯ ಆಚೆ ನಿಲ್ಲಿಸಿ, ಸಭ್ಯನಂತೆ ಒಂದು ಟೆಂಟ್ ಬಾಡಿಗೆಗೆ ಕೇಳಿದ. ಬೆಳಿಗ್ಗೆ ಕಣ್ಣು ಊದಿಸಿಕೊಂಡು ಎದ್ದ.

"ನಿದ್ದೆ ಬಂತಾ?"

"ಕಪ್ಪೆ ಬಂತು."

"ಅದಕ್ಕೂ ಟೆಂಟ್ ಇಷ್ಟ. ವ್ಯಾನ್ ಹತ್ತಲ್ಲ."

"ಹತ್ತದೆ ಇದ್ರೆ ಏನ್ ಗೊತ್ತಾಗುತ್ತೆ ಅದಕ್ಕೆ, ಒಳಗೆ ಎಷ್ಟು ಚೆನ್ನಾಗಿದೆ ಅಂತ," ಎಂದು ಅವನು ಕಪ್ಪೆಯ ಹೆಸರಿನಲ್ಲಿ ಅವಳನ್ನು ನೋಡಿದ.

ಅದೇ ಅವಳ ತಲೆ ಕೊರೆಯುತ್ತಿದ್ದ ಹುಳು. ಹೂವಿನ ಪರದೆಯ ಹಿಂದೆ ಏನಿದೆ? ಗಾಡಿಯೊಳಗೆ ಅಡುಗೆ ಹೇಗೆ ಮಾಡುತ್ತಾರೆ? ಪಾತ್ರೆ ಉರುಳುವುದಿಲ್ಲವೇ? ಹಂಸ ಹಾಲು ತರಲು ರಸ್ತೆಯ ಈ ಬದಿಯಲ್ಲಿ ಹೋಗುತ್ತಿದ್ದವಳು ಆ ಬದಿಯಲ್ಲಿ ಹೋಗತೊಡಗಿದಳು. ಗಾಳಿಗೆ ಪರದೆ ಸರಿದರೆ ನಡಿಗೆ ತಾನಾಗಿ ನಿಧಾನವಾಗುತ್ತಿತ್ತು. ಅಜ್ಜಿ ಇದನ್ನೆಲ್ಲ ನೋಡಿಯೂ ನೋಡದಂತೆ ಎಲೆ ಅಡಿಕೆ ಜಗಿಯುತ್ತಿದ್ದಳು.

ಅವನು ಬಂದ ಶನಿವಾರಗಳು ಬೇಗ ಮುಗಿಯುತ್ತಿದ್ದವು, ಉಳಿದ ವಾರ ಮುಗಿಯುತ್ತಿರಲಿಲ್ಲ. ಅವನಿಗೆ ಚಹಾ ಕೊಡುವಾಗ ಲೋಟದ ಅಂಚು ಮೊದಲೇ ಒರೆಸಿಡುತ್ತಿದ್ದಳು. ಅವನು ಲೋಟ ವಾಪಸ್ ಕೊಡುವಾಗ ತೊಳೆದು ಕೊಡುತ್ತಿದ್ದ. ಇಷ್ಟೇ ವಿಷಯಕ್ಕೆ ಅವಳಿಗೆ ದಿನವಿಡೀ ಸಂತೋಷ.

ಒಂದು ಸಂಜೆ ತಡೆಯಲಾಗದೆ ಕೇಳಿಯೇಬಿಟ್ಟಳು. "ಪಾತ್ರೆ ತೊಳೆಯೋದೆಲ್ಲಿ ಅದರಲ್ಲಿ?"

ಅವನು ನಗಲಿಲ್ಲ. ಆ ಪ್ರಶ್ನೆಗೇ ಇಷ್ಟು ದಿನ ಕಾದಿದ್ದವನಂತೆ ಬಾಗಿಲು ತೆಗೆದು ಪಕ್ಕಕ್ಕೆ ನಿಂತ.

ಹಂಸ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದಳು. ಒಳಗೆ ಮರದ ವಾಸನೆ. ಮಡಚುವ ಮಂಚ, ಎಳೆದರೆ ಮೇಜಾಗುವ ಹಲಗೆ, ಡಬ್ಬಿಗಳು ಬೀಳದಂತೆ ಅಡ್ಡಪಟ್ಟಿ ಇದ್ದ ಗೂಡು. ಪುಟ್ಟ ಸ್ಟೀಲ್ ತೊಟ್ಟಿ, ಅದರ ಕೆಳಗೆ ನೀರಿನ ಕ್ಯಾನು. ನಲ್ಲಿ ತಿರುಗಿಸಿದರೆ ನೂಲಿನಷ್ಟು ನೀರು ಬಂತು. ಅವಳು ಮತ್ತೆ ಮತ್ತೆ ತಿರುಗಿಸಿದಳು.

"ತಗಡಿನ ಕೆಲಸ ಶಿವಾಜಿನಗರದ ಚಾಂದ್ ಪಾಷಾಂದು, ನನ್ನ ಪಾರ್ಟ್ನರ್. ಮರದ ಕೆಲಸ ನಂದು. ಡಬ್ಬಿ ಗೂಡಿನ ಐಡಿಯಾ ಮಾತ್ರ ನಮ್ಮಮ್ಮಂದು, ಅಮೃತಮ್ಮನೋರ್ದು. ಅವರು ಹೇಳಿದ್ದು, ಮೊದ್ಲು ಉಪ್ಪಿನಕಾಯಿ ಬೀಳದ ಹಾಗೆ ಮಾಡು, ಆಮೇಲೆ ಉಳಿದದ್ದು ಅಂತ."

ಹಂಸ ಮಂಚದ ತುದಿಯಲ್ಲಿ ಕೂತಳು. ಕಿಟಕಿ ಬೇಕೆಂದೇ ತಗ್ಗಿನಲ್ಲಿತ್ತು. ಕೂತಲ್ಲಿಂದ ಕೆರೆ ಕಾಣುತ್ತಿತ್ತು, ಸಂಜೆಯ ಬಿಸಿಲು ನೀರಿನ ಮೇಲಿತ್ತು. ತಲೆದಿಂಬಿನ ಮೇಲೆ ಮಲಗಿದವರಿಗೂ ಅದೇ ನೋಟ ಸಿಗಲಿ ಎಂದು ಯೋಚಿಸಿ ಮಾಡಿದ ಮನುಷ್ಯ ಇವನು. ಇವನ ಮೇಲೆ ತನಗೆ ಆಸೆಯಾಗಿದೆ ಎಂದು ಆ ಕ್ಷಣ ಅವಳಿಗೆ ಸ್ಪಷ್ಟವಾಗಿ ತಿಳಿಯಿತು.

"ಯಾರಿಗ್ ಮಾಡಿದ್ದು ಇದನ್ನ?"

"ಚಂದ್ರಾಮಪ್ಪ ಅಂತ, ಇಲ್ಲೇ ಸೈಟಿನವರು. ಇದು ಒಪ್ಪಿಗೆ ಆದ್ರೆ ಇನ್ನೂ ಒಂದಷ್ಟು ಮಾಡಿಸ್ತಾರಂತೆ. ನಿಮ್ಮ ಮೈದಾನದಲ್ಲಿ ನಿಲ್ಸಿ ಟೆಸ್ಟ್ ಮಾಡು, ಹಿಂದೆ ದಾರಿ ಇದೆ ಅಂತ ಕಳ್ಸಿದ್ದೂ ಅವರೇ."

ಹಂಸ ಮಂಚದಿಂದ ಥಟ್ಟನೆ ಎದ್ದಳು. ಬಿಚ್ಚಿಕೊಂಡ ಬೇಲಿ, ಕ್ಯಾಮೆರಾ, ಪ್ರತಿ ಶನಿವಾರದ ಬರುವಿಕೆ. ಎಲ್ಲವೂ ಒಂದಕ್ಕೊಂದು ಹೊಂದಿಕೊಂಡವು: ಇವನು ಚಂದ್ರಾಮಪ್ಪನ ಕಡೆಯವನು. ಕೆಳಗೆ ಇಳಿದು, ಬರಿಗಾಲಲ್ಲೇ ರಸ್ತೆ ದಾಟಿ ಮನೆಗೆ ಹೋದಳು.

ತುಸು ಹೊತ್ತಿಗೆ ಪ್ರೇಮ್ ಅವಳ ಚಪ್ಪಲಿ ಹಿಡಿದು ಬಂದ. ಹಂಸ ಒಳಕೋಣೆಯಿಂದ ಹೊರಬರಲಿಲ್ಲ. ಕಿಟಕಿಯ ಸಂದಿಯಿಂದ ನೋಡಿದಳು. ಅಜ್ಜಿ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಅವನು ಏನೋ ಕೇಳಿದ, ಅಜ್ಜಿ ಏನೋ ಹೇಳಿದಳು. ಅವನು ಕುಸಿದವನಂತೆ ಅಲ್ಲೇ ಕೂತ. ಆಮೇಲೆ ತಾನೂ ಅವರೆಕಾಯಿ ಬಿಡಿಸತೊಡಗಿದ. ಮತ್ತೆ ಪ್ರಶ್ನೆ, ಮತ್ತೆ ಉತ್ತರ. ಅಜ್ಜಿ ಇಷ್ಟು ಮಾತಾಡುವುದು ಅಪರೂಪ. ಏನು ಹೇಳುತ್ತಿದ್ದಾಳೆಂದು ತಿಳಿಯಲು ಹಂಸಳ ಜೀವ ತಹತಹಿಸಿತು. ಆದರೆ ಹೊರಗೆ ಬರಲು ಅಭಿಮಾನ ಬಿಡಲಿಲ್ಲ. ಅವನು ಹೋದ ಮೇಲೆ ಕೇಳಿದರೆ ಅಜ್ಜಿ, "ಅವರೆಕಾಯಿ ರೇಟ್ ಕೇಳ್ದ," ಅಂದಳು.

ಮರುದಿನ ಬೆಳಿಗ್ಗೆಯೇ ಚಂದ್ರಾಮಪ್ಪ ಊರಿನ ಹಿರಿಯರನ್ನು ಹಾಲಿನ ಡೈರಿಯ ಜಗಲಿಗೆ ಕರೆಸಿದ. ನ್ಯಾಯ ಹೇಳಲು ಕೂತವರು ರಾಮಾಂಜಿನಪ್ಪ. ಇವರು ಹೇಳಿದ್ದನ್ನು ಕೋರ್ಟಿನವರೆಗೆ ಒಯ್ಯುವವರು ಆ ಊರಲ್ಲಿ ಕಡಿಮೆ.

ಚಂದ್ರಾಮಪ್ಪ ಫೋಟೋ ಮುಂದಿಟ್ಟ. ಹಳದಿ ವ್ಯಾನು, ಅದರ ಹಿಂದೆ ಹೊಲದುದ್ದಕ್ಕೂ ಗೆರೆ, ಗೇಟನ್ನು ಅಗಲವಾಗಿ ಹಿಡಿದು ನಿಂತ ಹಂಸ.

"ಹಿಂದಿಂದ ಬಂದು ಮುಂದೆ ಹೋಗಿದೆ. ಗೇಟ್ ತೆಗೆದು ದಾರಿ ಬಿಟ್ಟಿರೋದು ಯಾರು ನೋಡಿ. ಬಂಡಿದಾರಿ ಅಲ್ಲದೆ ಇನ್ನೇನಿದು? ಓಡ್ಸಿದವನೇ ಬಂದಿದಾನೆ, ಕೇಳಿ."

ಫೋಟೋದಲ್ಲಿದ್ದದ್ದು ಸುಳ್ಳಲ್ಲ. ಪ್ರೇಮ್ ಮುಂದೆ ಬಂದ. ಹಂಸ ಅವನ ಮುಖ ನೋಡಲಾರದೆ ಕೈ ನೋಡಿದಳು. ಕೈಯಲ್ಲಿ ಒಂದು ತಟ್ಟೆ, ಅದರಲ್ಲಿ ಎಲೆ ಅಡಿಕೆ, ಒಂದು ತೆಂಗಿನಕಾಯಿ.

"ಓಡ್ಸಿದ್ಯೇನಪ್ಪ?" ಅಂದರು ರಾಮಾಂಜಿನಪ್ಪ.

"ಓಡ್ಸಿದೆ ಯಜಮಾನ್ರೆ. ಹೊಲದವರ ಅಪ್ಪಣೆ ಇಲ್ದೆ, ಬೇಲಿ ದಾಟಿ ನುಗ್ಗಿದೆ. ಅವರು ಗೇಟ್ ತೆಗೆದಿದ್ದು ನನ್ನನ್ನ ಆಚೆ ಹಾಕೋಕೆ. ತಪ್ಪು ನಂದು. ತಪ್ಪು ಕಾಣಿಕೆ ತಂದಿದೀನಿ, ಹೊಲದವರು ತಗೋಬೇಕು."

ಚಂದ್ರಾಮಪ್ಪ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮುನಿಗಂಗಮ್ಮ ಆ ವಯಸ್ಸಿಗೆ ಸಲ್ಲದ ಚುರುಕಿನಲ್ಲಿ ಎದ್ದು, ಸೆರಗೊಡ್ಡಿ, ಕಾಯಿ ಎಲೆ ಅಡಿಕೆ ಎಲ್ಲವನ್ನೂ ಸೆರಗಿಗೆ ಹಾಕಿಸಿಕೊಂಡು ಗಂಟು ಕಟ್ಟಿದ್ದಾಯಿತು.

ರಾಮಾಂಜಿನಪ್ಪ ಮೀಸೆಯಲ್ಲಿ ನಕ್ಕರು. "ದಾರೀಲಿ ಹೋದವನು ಯಾರಿಗಾದ್ರೂ ತಪ್ಪು ಕಾಣಿಕೆ ಕೊಟ್ಟಿದ್ದು ನೋಡಿದೀರೇನ್ರಪ್ಪ? ಇವನು ಕೊಟ್ಟ, ಆಯಮ್ಮ ತಗೊಂಡ್ಳು. ಅಲ್ಲಿಗೆ ಅದು ದಾರಿ ಅಲ್ಲ, ಹೊಲ. ಏಳ್ರಿ, ಹಾಲಿನ ಗಾಡಿ ಬರೋ ಹೊತ್ತಾಯ್ತು."

"ನಿನ್ನ ಡಬ್ಬಾ ಗಾಡಿ ನನಗೆ ಬೇಡ, ನೀನೇ ಇಟ್ಕೊ," ಎಂದು ಚಂದ್ರಾಮಪ್ಪ ಎದ್ದು ಹೋದ. ಪ್ರೇಮ್ ಅದಕ್ಕೂ ಸರಿ ಎಂಬಂತೆ ತಲೆಯಾಡಿಸಿದ.

ಜನ ಚದುರಿದರು. ಡೈರಿಯ ಗೋಡೆಯ ಪಕ್ಕ ಅವರಿಬ್ಬರೇ ಉಳಿದರು.

"ನಿನ್ನೆ ಅಜ್ಜೀನ ಏನ್ ಕೇಳಿದ್ರಿ?" ಅಂದಳು ಹಂಸ. ಇಂಥ ಹೊತ್ತಲ್ಲೂ ಅವಳಿಗೆ ಮೊದಲು ಬೇಕಾದದ್ದು ಅದೇ.

"ನಾನು ಮಾಡಿದ್ದೇನು ಅಂತ ಕೇಳಿದೆ. ಹೇಳಿದ್ರು. ಆಗಿರೋದನ್ನ ಇಲ್ಲ ಅನ್ಸೋದು ಹೇಗೆ ಅಂತ ಕೇಳಿದೆ. ಇಲ್ಲ ಅನ್ಬೇಡ, ತಪ್ಪು ಅನ್ನು ಅಂದ್ರು."

"ಇಷ್ಟು ದಿನ ಮಾಡಿದ ವ್ಯಾನ್ ಹೋಯ್ತಲ್ಲ."

"ಹೋಗಿಲ್ಲ, ಅಲ್ಲೇ ನಿಂತಿದೆ. ಗಿರಾಕಿ ಹೋದ, ಅಷ್ಟೆ." ನಗಲು ನೋಡಿದ, ನಗು ಅರ್ಧಕ್ಕೇ ನಿಂತಿತು. "ನೀವು ನನ್ನನ್ನ ಸುಳ್ಳುಗಾರ ಅಂದ್ಕೊಂಡ್ರಲ್ಲ, ಅದಕ್ಕೆ ಬೇಜಾರಾಯ್ತು."

"ಅಂದ್ಕೊಂಡೆ." ಹಂಸ ತಲೆಯೆತ್ತಿ ಅವನನ್ನು ನೇರವಾಗಿ ನೋಡಿದಳು. "ಸುಳ್ಳುಗಾರ ಆದ್ರೂ ಪರವಾಗಿಲ್ಲ, ಶನಿವಾರ ಬರ್ಲಿ ಅಂತ ಅನ್ನಿಸ್ತು. ರಾತ್ರಿಯೆಲ್ಲ ಅತ್ತಿದ್ದು ಅದಕ್ಕೆ, ಹೊಲಕ್ಕಲ್ಲ."

ಅವನು ಶರ್ಟಿನ ಕಾಲರ್ ಸರಿಮಾಡಿಕೊಂಡ. "ಹಂಸ," ಅಂದ, ಮೊದಲ ಸಲ ಮೇಡಂ ಬಿಟ್ಟು.

ಅವಳು ಕಾದಳು. ಹಾಲಿನ ಗಾಡಿ ಬಂತು, ಕ್ಯಾನುಗಳು ಇಳಿದವು, ಗಾಡಿ ಹೊರಟೂ ಹೋಯಿತು. ಅವನಿನ್ನೂ ಕಾಲರ್ ಹಿಡಿದೇ ನಿಂತಿದ್ದ.

"ನಿಮ್ಮಮ್ಮ ಇವತ್ತು ಮನೇಲಿದಾರಾ?" ಅಂದಳು.

"ಇದಾರೆ. ಯಾಕೆ?"

ಹಂಸ ರಸ್ತೆ ದಾಟಿ ವ್ಯಾನಿನ ಮುಂದಿನ ಬಾಗಿಲು ತೆಗೆದು ಹತ್ತಿ ಕೂತಳು. ಸೀರೆಯ ಅಂಚನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು. ಅವನು ಓಡಿ ಬಂದು ಆ ಬದಿಯಿಂದ ಹತ್ತಿದ.

"ಎಲ್ಲಿಗೆ?"

"ಹಲಸೂರಿಗೆ. ಇಷ್ಟು ಶನಿವಾರ ನೀವು ಕೇಳ್ತೀರಿ ಅಂತ ಕಾದೆ. ನೀವು ಕೇಳೋ ಹೊತ್ತಿಗೆ ನಂಗೆ ಅಜ್ಜಿ ವಯಸ್ಸಾಗುತ್ತೆ. ನಾನೇ ಅಮೃತಮ್ಮನೋರ ಹತ್ರ ಹೋಗಿ, ನಿಮ್ಮ ಮಗನ್ನ ನನಗೆ ಕೊಡ್ತೀರಾ ಅಂತ ಕೇಳ್ತೀನಿ."

ಪ್ರೇಮ್ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ರಸ್ತೆಯನ್ನೇ ನೋಡುತ್ತ ಕೂತುಬಿಟ್ಟ. ಅವನ ಕಿವಿಗಳು ಕೆಂಪಾಗಿದ್ದವು. ಕೀ ಹಾಕಬೇಕೆಂದು ಅವಳೇ ನೆನಪಿಸಬೇಕಾಯಿತು.