ಕೈ ಮುಟ್ಟದ ಹನ್ನೊಂದು ಪ್ರತಿಗಳು

ಸೋಮವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಹಳೆಯ ಕಾಮಿಕ್ಸ್ ಮಾರುವ ಅಂಗಡಿಯ ಮಾಲೀಕ ಠಾಣೆಗೆ ಬಂದು, ತನ್ನ ಹನ್ನೊಂದು ಪುಸ್ತಕ ಕಳುವಾಗಿವೆ ಎಂದು ದೂರು ಕೊಟ್ಟ. ಸಮಯವನ್ನು ಇಷ್ಟು ಖಚಿತವಾಗಿ ಹೇಳಲು ಕಾರಣ ಅಲ್ಲಿನ ಹೆಡ್ ಕಾನ್‌ಸ್ಟೇಬಲ್. ಯಾರು ಒಳಗೆ ಕಾಲಿಟ್ಟರೂ ಮೊದಲು ಗೋಡೆಯ ಗಡಿಯಾರ, ಆಮೇಲೆ ತನ್ನ ಕೈಗಡಿಯಾರ ನೋಡಿ, ಎರಡರ ಜಗಳ ಬಿಡಿಸಿ, ಕೊನೆಗೆ ಬಂದವರ ಮುಖ ನೋಡುವ ಮನುಷ್ಯ ಅವನು. ಠಾಣೆಯಲ್ಲಿ ಎಲ್ಲರೂ ಅವನನ್ನು 'ಗಡಿಯಾರ' ಎಂದೇ ಕರೆಯುತ್ತಿದ್ದರು.

"ಕಾಮಿಕ್ಸಾ? ಮಕ್ಕಳು ಓದೋದಾ?" ಎಂದ ಗಡಿಯಾರ.

ಮಾಲೀಕನಿಗೆ ಮೈಯೆಲ್ಲ ಉರಿಯಿತು. "ಒಂದೊಂದರ ಬೆಲೆಗೆ ನಿಮ್ಮ ಜೀಪು ಬರುತ್ತೆ ಸ್ವಾಮಿ."

"ನಮ್ಮ ಜೀಪು ನೀವು ನೋಡಿಲ್ಲ," ಎಂದರು ಒಳಗಿನ ಕೋಣೆಯಿಂದ ಇನ್‌ಸ್ಪೆಕ್ಟರ್. "ಅದರ ಬೆಲೆಗೆ ಏನು ಬೇಕಾದ್ರೂ ಬರುತ್ತೆ. ಒಳಗೆ ಬನ್ನಿ, ಕೂತ್ಕೊಳ್ಳಿ."

ಇನ್‌ಸ್ಪೆಕ್ಟರಿಗೆ ಐವತ್ತರ ಹತ್ತಿರ ವಯಸ್ಸು. ಕಡಿಮೆ ಮಾತಿನ ಹೆಂಗಸು. ಎದುರಿನವರು ಮಾತು ಮುಗಿಸಿದ ಮೇಲೂ ಆಕೆ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಆ ಮೌನವನ್ನು ತುಂಬಿಸಲು ಹೋಗಿಯೇ ಎಷ್ಟೋ ಜನ ಸಿಕ್ಕಿಬಿದ್ದಿದ್ದರು.

ಮಾಲೀಕ ಹೇಳಿದ್ದು ಇಷ್ಟು. ಊಟದ ಹೊತ್ತು, ಒಂದೂವರೆಯಿಂದ ಎರಡೂವರೆಯವರೆಗೆ ಅಂಗಡಿ ಮುಚ್ಚಿತ್ತು. ತಾನೂ, ಅಂಗಡಿಯಲ್ಲಿ ಕೂರುವ ಹೆಂಡತಿಯ ತಮ್ಮನೂ ಮನೆಗೆ ಹೋಗಿದ್ದರು. ತಿರುಗಿ ಬಂದು ನೋಡಿದರೆ ಒಳಕೋಣೆಯ ಗಾಜಿನ ಕಪಾಟಿನಲ್ಲಿ ಹನ್ನೊಂದು ಪುಸ್ತಕ ಇಲ್ಲ. ಬೀಗ ಒಡೆದಿಲ್ಲ. ಶನಿವಾರ ಹರಾಜು, ಪಟ್ಟಿ ಅಚ್ಚಾಗಿ ದೂರದೂರದ ಸಂಗ್ರಾಹಕರ ಕೈ ಸೇರಿದೆ. ಅಷ್ಟರೊಳಗೆ ಮಾಲು ಸಿಗದಿದ್ದರೆ ಇಪ್ಪತ್ತು ವರ್ಷದ ಹೆಸರು ಮಣ್ಣುಪಾಲು.

"ಯಾರ ಮೇಲಾದ್ರೂ ಅನುಮಾನ?"

"ಮನೆಯ ಮಾತು ಹೊರಗೆ ಹೇಳಬಾರದು," ಎಂದ ಮಾಲೀಕ. ಸ್ವಲ್ಪ ತಡೆದು, "ನನ್ನ ಭಾವಮೈದ," ಎಂದು ಹೇಳಿಯೇಬಿಟ್ಟ.

ಎಫ್ಐಆರ್ ದಾಖಲಾಯಿತು. ನಾಲ್ಕು ಗಂಟೆಗೆ ಇನ್‌ಸ್ಪೆಕ್ಟರ್, ಗಡಿಯಾರ, ಪಂಚ ಸಾಕ್ಷಿಗಳಾಗಿ ಎದುರಿನ ಔಷಧಿ ಅಂಗಡಿಯವನು ಮತ್ತು ಪಕ್ಕದ ಬೀಗ ರಿಪೇರಿಯವನು, ಎಲ್ಲರೂ ಒಳಕೋಣೆಯಲ್ಲಿ ಒತ್ತಾಗಿ ನಿಂತಿದ್ದರು. ಕಿಟಕಿಗೆ ದಪ್ಪ ಪರದೆ. ಹಳೆಯ ಕಾಗದದ ವಾಸನೆ. ಗಾಜಿನ ಹಿಂದೆ ಒಂದೊಂದು ಪುಸ್ತಕವೂ ಪ್ಲಾಸ್ಟಿಕ್ ಕವರಿನೊಳಗೆ ರಟ್ಟಿಗೆ ಒರಗಿ ನಿಂತಿತ್ತು. ಒಂದು ಕಡೆ ಬ್ರಿಟನ್ನಿನ ವಾರಪತ್ರಿಕೆಗಳು, ಒರಟು ಕಾಗದದವು. ಇನ್ನೊಂದು ಕಡೆ ಅಮೆರಿಕದ ಮಾಸಿಕಗಳು, ರಾಕೆಟ್ಟು, ಮುಖವಾಡ, ಗುದ್ದಾಟಗಳ ಮುಖಪುಟದವು.

"ಎರಡನೇ ಮಹಾಯುದ್ಧದ ಕಾಲದಲ್ಲಿ ಆ ದೇಶಗಳಲ್ಲಿ ಇವನ್ನೆಲ್ಲ ರದ್ದಿಗೆ ಹಾಕಿಬಿಟ್ರು," ಎಂದ ಮಾಲೀಕ. ಮಾಲಿನ ಮಾತು ಬಂದಾಗ ಅವನ ದನಿ ಮೆತ್ತಗಾಗುತ್ತಿತ್ತು. "ಉಳಿದದ್ದು ಎಲ್ಲೋ ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ. ಅದಕ್ಕೇ ಬೆಲೆ. ಅದರಲ್ಲೂ ಕೈ ಮುಟ್ಟದ ಪ್ರತಿ ಅಂದ್ರೆ..."

"ಹಾಗಂದ್ರೆ?"

"ಅಚ್ಚಾದ ದಿನ ಹೇಗಿತ್ತೋ ಹಾಗೇ ಇರೋದು. ಹರಿದದ್ದು ಅಂಟಿಸಿಲ್ಲ, ಬಣ್ಣ ಹಚ್ಚಿಲ್ಲ, ಪಿನ್ನು ಬದಲಾಯಿಸಿಲ್ಲ. ರಿಪೇರಿ ಆಗಿದ್ರೆ ಬೆಲೆ ಅರ್ಧಕ್ಕೂ ಇಲ್ಲ. ಹೋಗಿರೋ ಹನ್ನೊಂದೂ ಕೈ ಮುಟ್ಟದವೇ."

ಇನ್‌ಸ್ಪೆಕ್ಟರ್ ಹರಾಜಿನ ಪಟ್ಟಿಯನ್ನು ಕಪಾಟಿಗೆ ಹೋಲಿಸುತ್ತ ಹೋದರು. ಅತಿ ಬೆಲೆಯ ಮೂರು ಪುಸ್ತಕ ಮೇಲಿನ ಸಾಲಿನಲ್ಲೇ ಇದ್ದವು, ಕಣ್ಣೆದುರಿಗೆ. ಕಳ್ಳ ಅವನ್ನು ಬಿಟ್ಟು, ಅಲ್ಲೊಂದು ಇಲ್ಲೊಂದು ಆರಿಸಿಕೊಂಡು ಹೋಗಿದ್ದ. ಬೆಲೆ ಗೊತ್ತಿಲ್ಲದವನಾಗಿದ್ದರೆ ಒಂದು ಸಾಲನ್ನೇ ಬಾಚಿಕೊಳ್ಳಬೇಕಿತ್ತು. ಗೊತ್ತಿದ್ದವನಾಗಿದ್ದರೆ ಮೇಲಿನ ಮೂರನ್ನು ಬಿಡುತ್ತಿರಲಿಲ್ಲ.

ಮೇಜಿನ ಮೇಲೆ ಒಂದು ಬ್ರಿಟಿಷ್ ವಾರಪತ್ರಿಕೆ ಕವರಿಲ್ಲದೆ ಬಿದ್ದಿತ್ತು. ಇನ್‌ಸ್ಪೆಕ್ಟರ್ ಅದನ್ನು ನಡುವಿಗೆ ಬಿಡಿಸಿದರು. ಎರಡು ಪಿನ್ನಿಗೂ ತುಕ್ಕು. ಕಾಗದಕ್ಕೆ ಕಂದು ಕಲೆ ಹಬ್ಬುತ್ತಿತ್ತು. ಎರಡರ ಅಡಿಗೂ ಉಗುರಗಲದ ತೆಳು ಬಿಳಿ ಕಾಗದ ತೂರಿಸಿತ್ತು.

"ಇದೇನು?"

ಮಾಲೀಕ ಬಗ್ಗಿ ನೋಡಿದ. "ತುಕ್ಕು ಕಾಗದಕ್ಕೆ ಇಳೀದಿರಲಿ ಅಂತ ಇಡ್ತಾರೆ. ಆದ್ರೆ ನಾನು ಇಟ್ಟಿಲ್ಲ. ಇದು ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಬಂದ ಮಾಲು."

"ನಿಮ್ಮ ಭಾವಮೈದ?"

"ಅವನಾ? ಪಿನ್ನಿಗೆ ತುಕ್ಕು ಹಿಡಿದ್ರೆ ಅವನು ತಲೆ ಕೆರ್ಕೋತಾನೆ ಅಷ್ಟೆ."

ಗಡಿಯಾರ ಬರೆಯುತ್ತಿದ್ದ ಕೈ ನಿಲ್ಲಿಸಿದ. "ಹಂಗಾದ್ರೆ ಕದಿಯೋಕೆ ಬಂದವನು, ಕದೀದೇ ಬಿಟ್ಟ ಪುಸ್ತಕಕ್ಕೆ ಔಷಧಿ ಹಚ್ಚಿ ಹೋದ್ನಾ ಮೇಡಂ?"

ಇನ್‌ಸ್ಪೆಕ್ಟರಿಗೆ ತಮ್ಮ ತಾಯಿಯ ನೆನಪಾಯಿತು. ತಾಯಿ ಬಟ್ಟೆ ಹೊಲಿದು ಮಕ್ಕಳನ್ನು ಸಾಕಿದವರು. ಬಸ್ಸಿನಲ್ಲಿ ಮುಂದಿನ ಸೀಟಿನ ಅಪರಿಚಿತರ ತೋಳಿನಿಂದ ದಾರ ಇಳಿಬಿದ್ದಿದ್ದರೆ ಅವರಿಗೆ ತಡೆಯಲಾಗುತ್ತಿರಲಿಲ್ಲ. ಮೆಲ್ಲಗೆ ಕೈ ಚಾಚಿ ಕಿತ್ತುಬಿಡುತ್ತಿದ್ದರು. ಎಷ್ಟು ಸಲ ಬೈಸಿಕೊಂಡರೂ ಬಿಡಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕಸುಬಿನ ಗುಣವೂ ಅಷ್ಟೆ.

"ಇದನ್ನೂ ಪಂಚನಾಮೆಗೆ ಸೇರಿಸಿ," ಎಂದರು.

ಮಂಗಳವಾರ ಬೆಳಿಗ್ಗೆ ಹತ್ತು ಐದಕ್ಕೆ ಭಾವಮೈದ ವಿಚಾರಣೆಗೆ ಬಂದ. ಅವನಿಗಿಂತ ಮೊದಲು ಅವನ ಅಕ್ಕ ಒಳಗೆ ನುಗ್ಗಿದರು.

"ನನ್ನ ತಮ್ಮ ಅಂಥವನಲ್ಲ ಮೇಡಂ. ಕೂತಲ್ಲೇ ನಿದ್ದೆ ಮಾಡೋದು ಬಿಟ್ರೆ ಅವನಿಗೆ ಬೇರೆ ಕೆಟ್ಟ ಅಭ್ಯಾಸಾನೇ ಇಲ್ಲ. ಕದಿಯೋಕೆ ಎದ್ದಿರಬೇಕಲ್ಲ?"

"ನೀವು ಹೊರಗೆ ಕೂತ್ಕೊಳ್ಳಮ್ಮ. ನಿದ್ದೆಗೆ ಕೇಸು ಹಾಕಲ್ಲ."

ನಲವತ್ತು ದಾಟಿದ, ದಪ್ಪ ಮೈಯ, ಪಾಪದ ಮುಖದ ಮನುಷ್ಯ. ಕುರ್ಚಿಯ ಅಂಚಿನಲ್ಲಿ ಕುಳಿತ. ಇನ್‌ಸ್ಪೆಕ್ಟರ್ ಹರಾಜಿನ ಪಟ್ಟಿಯಲ್ಲಿ ಹನ್ನೊಂದಕ್ಕೆ ಗುರುತು ಹಾಕಿ ಮುಂದಿಟ್ಟರು.

"ಇವು ಹನ್ನೊಂದಕ್ಕೂ ಒಂದೇ ಥರ ಏನಿದೆ?"

"ನನಗೇನು ಗೊತ್ತು ಮೇಡಂ. ಓದೋದು ಭಾವ. ನಾನು ಹೊತ್ಕೊಂಡು ಹೋಗಿ, ಹೊತ್ಕೊಂಡು ಬರೋದಷ್ಟೆ."

"ಎಲ್ಲಿಗೆ?"

ಅವನು ನಾಲಿಗೆ ಕಚ್ಚಿಕೊಂಡ. ಇನ್‌ಸ್ಪೆಕ್ಟರ್ ಸುಮ್ಮನಿದ್ದರು. ಗೋಡೆಯ ಗಡಿಯಾರ ಒಂದೇ ಸಮನೆ ಟಿಕ್ ಟಿಕ್ ಎನ್ನುತ್ತಿತ್ತು.

"ಭಾವ ಯಾರಿಗೂ ಹೇಳಬೇಡ ಅಂದಿದ್ರು. ಹರಿದ ಪುಸ್ತಕ ಕಟ್ಟಿಕೊಡೋ ಬೈಂಡರ್ ಅಜ್ಜನ ಹತ್ರ. ಈ ಹನ್ನೊಂದೂ ಅಲ್ಲಿಗೆ ಹೋಗಿ ಬಂದಿದ್ವು."

"ಅಜ್ಜನಿಗೆ ಅಂಗಡಿ ಒಳಗೆ ಬರೋಕೆ ಆಗುತ್ತಾ, ಮುಚ್ಚಿದ್ದಾಗ?"

"ಹಿಂದಿನ ಬಾಗಿಲ ಕೀಲಿ ಮೀಟರ್ ಪೆಟ್ಟಿಗೆ ಹಿಂದೆ ಇರುತ್ತೆ. ನಾವಿಲ್ದಾಗ ಪುಸ್ತಕ ಒಳಗಿಟ್ಟು ಹೋಗಲಿ ಅಂತ ನಾನೇ ತೋರಿಸಿದ್ದೆ." ಅವನ ಮುಖ ಬಿಳಿಚಿಕೊಂಡಿತು. "ಅಯ್ಯೋ ಮೇಡಂ, ಅಜ್ಜ ಅಂಥವರಲ್ಲ. ಉಳಿದ ಕಾಗದದ ಚೂರನ್ನೂ ವಾಪಸ್ ಕಳಿಸೋ ಜನ."

ಮಾಲೀಕನನ್ನು ಕರೆಸಿದಾಗ, "ನಿಮ್ಮಲ್ಲಿ ಯಾವುದಾದ್ರೂ ಪುಸ್ತಕ ರಿಪೇರಿಗೆ ಹೋಗಿತ್ತಾ?" ಎಂದಷ್ಟೇ ಇನ್‌ಸ್ಪೆಕ್ಟರ್ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, "ಆ ಹನ್ನೊಂದಕ್ಕೆ ಏನೂ ಮಾಡಿಸಿಲ್ಲ!" ಎಂದುಬಿಟ್ಟ. ಆಕೆ ಹನ್ನೊಂದರ ಮಾತೇ ಎತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಇನ್‌ಸ್ಪೆಕ್ಟರ್ ಮತ್ತು ಗಡಿಯಾರ ಬೈಂಡರನ ಮನೆಯ ಮೆಟ್ಟಿಲು ಹತ್ತಿದರು. ಮಹಡಿಯ ಮೇಲೆ ಒಂದೇ ದೊಡ್ಡ ಕೋಣೆ: ಅರ್ಧ ಸಂಸಾರ, ಅರ್ಧ ಕಸುಬು. ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ಕಬ್ಬಿಣದ ಪ್ರೆಸ್ಸು. ಗೋಧಿ ಹಿಟ್ಟಿನ ಅಂಟು ಒಂದು ಬಟ್ಟಲಲ್ಲಿ. ಬಾಗಿಲು ತೆಗೆದದ್ದು ಅವನ ಹೆಂಡತಿ. ಖಾಕಿ ಕಂಡು ಅವರು ಬೆಚ್ಚಲಿಲ್ಲ.

"ಬಂದ್ರಾ? ನಾನು ಸೋಮವಾರದಿಂದ ಹೇಳ್ತಾ ಇದ್ದೀನಿ, ತಗೊಂಡು ಹೋಗಿ ಕೊಟ್ಟು ಬನ್ನಿ ಅಂತ. ಇವರಿಗೆ ಮನೆ ಸೋರಿದ್ರೆ ಗೊತ್ತಾಗಲ್ಲ, ಪುಸ್ತಕದ ಮೇಲೆ ಒಂದು ಹನಿ ಬಿದ್ರೆ ಊಟ ಸೇರಲ್ಲ." ಅಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಬೈಂಡರ್ ಕಿಟಕಿಯ ಬಳಿಯ ಮೇಜಿನ ಮುಂದೆ ಕುಳಿತಿದ್ದ. ಎಪ್ಪತ್ತು ದಾಟಿದ ಸಣಕಲು ಮನುಷ್ಯ. ಕೈ ಮಾತ್ರ ದೊಡ್ಡವು, ಚೊಕ್ಕಟ. ಎದುರಿಗೆ ಹನ್ನೊಂದು ಪುಸ್ತಕ ಸಾಲಾಗಿ ಹರಡಿದ್ದವು. ಪಕ್ಕದಲ್ಲಿ ಶಾಯಿ ತುಂಬಿದ ಪೆನ್ನು, ಮುಚ್ಚಳ ತೆಗೆದದ್ದು.

"ನೀವೇ ತಂದದ್ದಾ ಅಜ್ಜ?"

"ನಾನೇ ಕದ್ದದ್ದು," ಎಂದು ತಿದ್ದಿದ ಅವನು.

"ಯಾಕೆ?"

ಅವನು ಒಂದು ಪುಸ್ತಕದ ಕೊನೆಯ ಪುಟ ತೆರೆದು ಬೆನ್ನಿನ ಸಂದಿಯನ್ನು ಬೆಳಕಿಗೆ ಹಿಡಿದ. ಅಲ್ಲಿ ಕಾಗದ ಸ್ವಲ್ಪ ಸವೆದು ನುಣ್ಣಗಾಗಿತ್ತು. "ಇಲ್ಲಿ ನನ್ನ ಗುರುತಿತ್ತು. ಏನು ರಿಪೇರಿ, ಯಾವ ತಾರೀಕು. ನಮ್ಮಪ್ಪ ಕಲಿಸಿದ್ದು. ಹರಿದದ್ದನ್ನ ಕಟ್ಟು, ಹರಿದಿತ್ತು ಅನ್ನೋದನ್ನ ಮುಚ್ಚಬೇಡ ಅಂತಿದ್ರು. ಮೆತ್ತನೆ ಪೆನ್ಸಿಲ್ಲಲ್ಲಿ ಬರೀತೀನಿ, ಕಾಗದಕ್ಕೆ ನೋವಾಗಬಾರದು ನೋಡಿ. ಅಂಗಡಿಯವರು ರಬ್ಬರ್ ಹಾಕಿ ಅಳಿಸಿ ಕೈ ಮುಟ್ಟದ್ದು ಅಂತ ಮಾರ್ತಾರೆ."

"ಯಾವಾಗ ಗೊತ್ತಾಯ್ತು?"

"ಹೋದ ತಿಂಗಳು. ಒಬ್ಬರು ಸಂಗೀತದ ಮೇಷ್ಟ್ರಮ್ಮ ಒಂದು ಪುಸ್ತಕ ತಂದ್ರು, ಪೆಟ್ಟಿಗೆ ಮಾಡಿಕೊಡಿ ಅಂತ. ಚಿಕ್ಕಂದಿನಲ್ಲಿ ಆಸೆಪಟ್ಟದ್ದಂತೆ. ವರ್ಷಗಟ್ಟಲೆ ಕೂಡಿಟ್ಟು ತಗೊಂಡಿದ್ರು. ನೋಡ್ತೀನಿ, ನನ್ನ ಕೈಯದೇ. ಬೆನ್ನು ಪೂರ್ತಿ ನಾನು ಕಟ್ಟಿದ್ದು. ಚೆನ್ನಾಗಿದೆಯಾ ಅಂತ ಕೇಳಿದ್ರು. ಮುಖ ಅರಳಿತ್ತು ಅವರದು." ಅವನು ಕೈಲಿದ್ದ ಪುಸ್ತಕವನ್ನು ಮೆಲ್ಲಗೆ ಮುಚ್ಚಿಟ್ಟ. "ಚೆನ್ನಾಗಿದೆ ಅಂದ್ಬಿಟ್ಟೆ."

ಹೆಂಡತಿ ಒಲೆಯ ಕಡೆ ತಿರುಗಿ ನಿಂತರು.

"ಅಂಗಡಿಯವರನ್ನ ಕೇಳಿದೆ. ಯಾರಿಗೆ ಗೊತ್ತಾಗುತ್ತೆ ಬಿಡಿ, ನಿಮ್ಮ ಕೈಗುಣ ಅಂಥದ್ದು ಅಂದ್ರು. ಹೊಗಳಿದ್ರು ಮೇಡಂ ನನ್ನನ್ನ. ಆಮೇಲೆ ಹರಾಜಿನ ಪಟ್ಟಿ ನೋಡಿದೆ. ಇನ್ನೂ ಹನ್ನೊಂದು. ಎಲ್ಲಾದಕ್ಕೂ ಮತ್ತೆ ಗುರುತು ಹಾಕಿ, ಶುಕ್ರವಾರ ವಾಪಸ್ ಇಡೋಣ ಅಂತ ತಂದೆ."

"ಪೆನ್ಸಿಲ್ಲಲ್ಲಿ ಹಾಕಿದ್ರೆ ಮತ್ತೆ ಅಳಿಸ್ತಾರಲ್ಲ."

"ಅದಕ್ಕೇ ಶಾಯಿ ತಂದಿಟ್ಕೊಂಡೆ." ಅವನು ಪೆನ್ನಿನ ಕಡೆ ನೋಡಿದ. "ಮೂರು ದಿನದಿಂದ ಕೂತಿದ್ದೀನಿ. ಹಳೇ ಕಾಗದಕ್ಕೆ ಶಾಯಿ ತಾಗಿಸೋಕೆ ಕೈಯೇ ಬರ್ತಿಲ್ಲ."

ಪಂಚರನ್ನು ಕರೆಸಿ ಜಪ್ತಿ ಪಂಚನಾಮೆ ಶುರುವಾಯಿತು. ಗುರುತಿಸಲು ಬಂದ ಮಾಲೀಕ ಏದುಸಿರು ಬಿಡುತ್ತ ಪುಸ್ತಕ ಎಣಿಸಿದ. ಹನ್ನೊಂದೂ ಸರಿಯಾಗಿದ್ದವು. ಅವನ ಮುಖಕ್ಕೆ ಜೀವ ಬಂತು. ಗಡಿಯಾರ ಮೊದಲನೆಯದರ ಮುಂದೆ 'ಬೆನ್ನಿನ ಭಾಗ ದುರಸ್ತಿಯಾಗಿದೆ' ಎಂದು ಬರೆದದ್ದು ಕಂಡು ಆ ಜೀವ ಮತ್ತೆ ಹೋಯಿತು.

"ಆ ಪದ ಬಿಟ್ಟು ಬರೀರಿ ಮೇಡಂ. ಪುಸ್ತಕ ಅಂತ ಬರೆದ್ರೆ ಸಾಲದಾ?"

"ಕಂಡದ್ದನ್ನ ಕಂಡ ಹಾಗೆ ಬರೆಯೋದಕ್ಕೇ ಪಂಚನಾಮೆ ಅನ್ನೋದು. ನೀವು ಆ ಕಡೆ ಕೂತ್ಕೊಳ್ಳಿ."

"ಇದು ಕೋರ್ಟಿಗೆ ಹೋದ್ರೆ ನಾನು ಉಳಿಯಲ್ಲ."

"ಕಳ್ಳನ್ನ ಹಿಡೀರಿ ಅಂತ ಬಂದವರು ನೀವೇ."

ಬೈಂಡರ್ ಗಡಿಯಾರನ ಕೈಯನ್ನೇ ನೋಡುತ್ತಿದ್ದ. "ಇದನ್ನ ಪೆನ್ನಲ್ಲಿ ಬರೀತೀರಾ?"

"ಪೆನ್ನಲ್ಲೇ ಬರೀಬೇಕಜ್ಜ," ಎಂದ ಗಡಿಯಾರ. "ತಿದ್ದಿದ್ರೂ ಪಕ್ಕದಲ್ಲಿ ರುಜು ಹಾಕ್ಬೇಕು. ಅಳಿಸೋ ಹಾಗೇ ಇಲ್ಲ."

ಮುದುಕ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ತಾನೇ ಒಂದೊಂದು ಪುಸ್ತಕ ಎತ್ತಿ, ಬೆರಳಿಟ್ಟು ತೋರಿಸತೊಡಗಿದ. ಇಲ್ಲಿ ಮೂಲೆ ಕಟ್ಟಿದ್ದು. ಇಲ್ಲಿ ಕೆಂಪು ಬಣ್ಣ ಹಚ್ಚಿದ್ದು. ಇದರ ಎರಡೂ ಪಿನ್ನು ಬೇರೆ ಪುಸ್ತಕದ್ದು.

"ಅಜ್ಜ, ನೀವು ಆರೋಪಿ," ಎಂದರು ಇನ್‌ಸ್ಪೆಕ್ಟರ್. "ಇಷ್ಟೆಲ್ಲ ಹೇಳಲೇಬೇಕು ಅಂತ ಇಲ್ಲ."

"ಎಂಟನೇದಕ್ಕೆ ಒಂದೇ ರಿಪೇರಿ ಬರೆದಿದ್ದಾರೆ ಮೇಡಂ. ಎರಡಿದೆ."

ಮಧ್ಯಾಹ್ನ ಒಂದು ಗಂಟೆ ಐದು ನಿಮಿಷಕ್ಕೆ ಆರೋಪಿಯನ್ನು ಬಂಧಿಸಲಾಯಿತು. ಮೆಟ್ಟಿಲಿಳಿಯುವಾಗ ಗಡಿಯಾರ ಅವನ ತೋಳು ಹಿಡಿದಿದ್ದ. ಓಡಿಹೋಗುತ್ತಾನೆಂದಲ್ಲ, ಮೆಟ್ಟಿಲು ಕಡಿದಾಗಿದ್ದವು.

ಇನ್‌ಸ್ಪೆಕ್ಟರ್ ಹೇಳಿಕಳಿಸಿದ್ದರಿಂದ ಸಂಜೆ ನಾಲ್ಕೂವರೆಗೆ ಸಂಗೀತದ ಮೇಷ್ಟ್ರಮ್ಮ ಠಾಣೆಗೆ ಬಂದು, ವಿಷಯ ತಿಳಿದು, ಅಂಗಡಿ ಮಾಲೀಕನ ಮೇಲೆ ವಂಚನೆಯ ದೂರು ಬರೆದುಕೊಟ್ಟರು. ತಮ್ಮ ಪುಸ್ತಕವನ್ನೂ ಸಾಕ್ಷ್ಯಕ್ಕೆ ಒಪ್ಪಿಸಿದರು, ಬಿಡಲಾರದೆ ಬಿಟ್ಟಂತೆ. ಆಮೇಲೆ ಬೆಂಚಿನ ಮೇಲೆ ಕುಳಿತಿದ್ದ ಬೈಂಡರನ ಮುಂದೆ ನಿಂತರು.

"ಅವತ್ತೇ ಹೇಳಬಹುದಿತ್ತಲ್ಲ ನೀವು?"

"ಹೇಳಬೇಕಿತ್ತಮ್ಮ," ಎಂದ ಅವನು. ತಲೆ ಎತ್ತಲಿಲ್ಲ.

ಆಕೆ ಬಹಳ ಹೊತ್ತು ಅಲ್ಲೇ ನಿಂತಿದ್ದರು. ಸಿಟ್ಟು ಇಳಿಯಲು ಅಷ್ಟು ಹೊತ್ತು ಬೇಕಾಯಿತು. "ಕೇಸು ಮುಗಿದು ಪುಸ್ತಕ ಕೈಗೆ ಬಂದ ಮೇಲೆ ನಿಮ್ಮ ಹತ್ರ ತರ್ತೀನಿ. ನಿಮ್ಮ ಗುರುತು ಹಾಕಿಕೊಡಿ. ಪೆನ್ಸಿಲ್ಲಲ್ಲೇ ಹಾಕಿ. ನಾನು ಅಳಿಸಲ್ಲ."

ಮುದುಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತ. ಗಡಿಯಾರ ಅಂದು ಮೊದಲ ಬಾರಿ ಸಮಯ ಬರೆದುಕೊಳ್ಳಲಿಲ್ಲ.

ಕೇಸ್ ಡೈರಿಯಲ್ಲಿ ಉದ್ದೇಶ ಎಂಬ ಜಾಗವೊಂದು ಖಾಲಿ ಉಳಿದಿತ್ತು. ಸಾಮಾನ್ಯವಾಗಿ ಅಲ್ಲಿ ಒಂದೇ ಪದ ಸಾಕಾಗುತ್ತದೆ: ಹಣ, ಹಗೆ, ಹೊಟ್ಟೆಕಿಚ್ಚು. ಇನ್‌ಸ್ಪೆಕ್ಟರ್ ಪೆನ್ನು ಹಿಡಿದು ತುಸು ಹೊತ್ತು ಕುಳಿತು, ಕೊನೆಗೆ ಬರೆದರು: 'ಆರೋಪಿಯು ತನ್ನ ಕೆಲಸದ ಬಗ್ಗೆ ಒಬ್ಬರಿಗೆ ಒಂದು ಸಲ ಸುಳ್ಳು ಹೇಳಿದ್ದ. ಇನ್ನು ಹನ್ನೊಂದು ಸಲ ಹೇಳಲು ಆತನಿಂದ ಆಗಲಿಲ್ಲ.'